ಮಾದೇವಿ ಪಿಸುಗುಟ್ಟಿದ್ದು

ಮಾದೇವಿಗೆ ಕಿವಿ ಕೇಳುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಅಂಕೋಲೆಯ ಮೀನುಪೇಟೆಯಲ್ಲಿ ಅವಳ ಬುಟ್ಟಿಯ ಮುಂದೆ ನಿಂತು “ಇನ್ನೊಂದು ಬಂಗಡೆ ಹಾಕೇ” ಎಂದರೆ ಅವಳು ನನ್ನ ತಲೆಯ ಮೇಲಿನ ಆಕಾಶ ನೋಡುತ್ತಿದ್ದಳು. ಮತ್ತೆ ಕೇಳಿದರೆ ಮಗ್ಗುಲಿನವಳ ಕಡೆ ತಿರುಗಿ ಪಡುವಣ ಗಾಳಿಯ ಸಮಾಚಾರ ಹೇಳುತ್ತಿದ್ದಳು. ಆ ಸಮಾಚಾರ ಕಚೇರಿಯ ಮೆಟ್ಟಿಲವರೆಗೂ ಮುಟ್ಟುತ್ತಿತ್ತು. ಕಿವುಡರು ದೊಡ್ಡ ದನಿಯಲ್ಲಿ ಮಾತಾಡುತ್ತಾರೆಂಬುದು ಲೋಕಕ್ಕೇ ಗೊತ್ತಿರುವ ವಿಷಯ. ಆದ್ದರಿಂದ ನಾನು ಕನಿಕರಪಟ್ಟು ಕೈಸನ್ನೆಯಲ್ಲೇ ವ್ಯಾಪಾರ ಮಾಡತೊಡಗಿದೆ. ನನ್ನಂಥ ವಕೀಲರ ಗುಮಾಸ್ತನೊಬ್ಬ ನಡುಪೇಟೆಯಲ್ಲಿ ಬೆರಳು ಕುಣಿಸುತ್ತ ನಿಲ್ಲುವುದು ಕೆಲವರಿಗೆ ಸಂತೆಗಿಂತ ದೊಡ್ಡ ಮೋಜಾಗಿತ್ತು. ಒಮ್ಮೆ ಪೇಟೆಗೆ ಜೊತೆಗೆ ಬಂದ ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ “ಪಾಪ, ಕಿವುಡಿ” ಎಂದೆ.

ಮಾದೇವಿ ತಟ್ಟನೆ ತಲೆ ಎತ್ತಿದಳು. “ಯಾರು ಒಡ್ಯಾ ಕಿವುಡಿ? ನಾ ನೀವು ಮೂಕರು ಅಂದ್ಕಂಡಿದ್ದೆ.”

ಅವಳ ಕಿವಿ ನೆಟ್ಟಗೇ ಇತ್ತು. ಹೆಚ್ಚು ಕೇಳುವ ಗಿರಾಕಿಯ ಮಾತಿಗೆ ಮಾತ್ರ ಅದು ಮುಚ್ಚಿಕೊಳ್ಳುತ್ತಿತ್ತು. ದನಿ ದೊಡ್ಡದಾದದ್ದು ಸಮುದ್ರದ ದೆಸೆಯಿಂದ. ಬೇಲೆಕೇರಿಯಲ್ಲಿ ಅವಳ ಮನೆಯ ಅಂಗಳ ಮುಗಿದಲ್ಲಿ ತೆರೆ ಶುರುವಾಗುತ್ತದೆ. ತೆರೆಯ ಮೇಲೆ ಮಾತು ದಾಟಿಸಿ ದಾಟಿಸಿ, ಆ ಮನೆಯಲ್ಲಿ “ಉಪ್ಪು ಕೊಡು” ಎಂಬುದನ್ನೂ ದೂರದ ದೋಣಿಯನ್ನು ಕೂಗಿದ ಹಾಗೇ ಹೇಳುತ್ತಿದ್ದರು.

ಆ ಮನೆಗೊಂದು ಮರ್ಯಾದೆ ಇತ್ತು. ಮಳೆಯ ಅಬ್ಬರ ಇಳಿದು ಶ್ರಾವಣದ ನೂಲಹುಣ್ಣಿಮೆಯ ದಿನ ಕೇರಿಯವರೆಲ್ಲ ಸಮುದ್ರಕ್ಕೆ ತೆಂಗಿನಕಾಯಿ ಬಿಡುವಾಗ, ಮೊದಲ ಕಾಯಿ ಮಾದೇವಿಯ ಗಂಡ ಜಟ್ಟುವಿನ ಮನೆಯದು. ಜಟ್ಟು ತಾಂಡೇಲ, ಅಂದರೆ ದೋಣಿಗಳ ಹಿರಿಯ. ಮನೆಯ ಅತಿ ಕಿರಿಯ ಗಂಡುಕೂಸು ಅಜ್ಜನ ಹೆಗಲ ಮೇಲೆ ಕೂತು ಆ ಕಾಯಿಯನ್ನು ನೀರಿಗೆ ಒಗೆಯಬೇಕು. ಕಳೆದ ವರ್ಷ ಮೊಮ್ಮಗ ಸೋಮನನ್ನು ಹೊತ್ತು ದಂಡೆಗೆ ಇಳಿದರೆ, ಕೂಸು ತೆರೆ ಕಂಡದ್ದೇ ಕಿರುಚಿತು. ಮಾದೇವಿ “ಹೆದರ್ಬೇಡಾ ಮಗಾ!” ಎಂದು ತೆರೆಗಿಂತ ಜೋರಾಗಿ ಧೈರ್ಯ ಹೇಳಿದಳು. ಕೂಸು ಇನ್ನೂ ಜೋರಾಗಿ ಕಿರುಚಿತು. ಕಾಯಿ ಸಮುದ್ರಕ್ಕೆ ಹೋಗದೆ ತಾಂಡೇಲನ ಕಾಲ್ಬೆರಳ ಮೇಲೆ ಬಿತ್ತು.

ನೆರೆಮನೆಯ ತಿಮ್ಮಿ ಅಂದೇ ಹೇಳಿದಳು: “ಮಾದೇವಕ್ಕಾ, ನಿನ್ನ ಮೊಮ್ಮಗಗೆ ಘಟ್ಟದ ಮೇಲೆ ಒಂದು ಗದ್ದೆ ನೋಡಿಡು.” ಈ ವರ್ಷವೂ ಅತ್ತರೆ ಮೊದಲ ಕಾಯಿ ಜಟ್ಟುವಿನ ತಮ್ಮನ ಮನೆಗೆ ಎಂದು ಕೇರಿಯಲ್ಲಿ ಮಾತಾಯಿತು. ಜಟ್ಟುವಿನ ಕಾಲ್ಬೆರಳು ಬೇಗ ವಾಸಿಯಾಯಿತು. ಈ ಮಾತು ವಾಸಿಯಾಗಲಿಲ್ಲ.

ಈ ವರ್ಷದ ಆಷಾಢದಲ್ಲಿ ಕಾರವಾರದಲ್ಲಿ ಮತ್ಸ್ಯಪ್ರದರ್ಶನ ನಡೆಯಿತು. ನಿವೃತ್ತ ಮಾಮಲೇದಾರ ಶೇಷಗಿರಿರಾಯರು ಮದರಾಸಿಗೆ ಹೋಗಿ, ಅಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಈಜುವುದನ್ನು ಕಂಡು ಬಂದಿದ್ದರು. ಬಂದಂದಿನಿಂದ ಕಾರವಾರ ಅವರ ಕಣ್ಣಿಗೆ ಬರೀ ಹಳ್ಳಿಯಾಗಿ ಕಾಣತೊಡಗಿತ್ತು. ಹಳೆಯ ಗೋದಾಮೊಂದರಲ್ಲಿ ಗಾಜಿನ ತೊಟ್ಟಿಗಳನ್ನು ನಿಲ್ಲಿಸಿ, ಸಂದಿಗೆ ಡಾಂಬರು ಬಳಿದು, ಹೊಳೆಯ ಬಾಯಿಂದ ಜೀವಂತ ಮೀನು ತರಿಸಿ ಬಿಟ್ಟರು. ನನ್ನನ್ನು ಸ್ವಾಗತ ಸಮಿತಿಗೆ ಸೇರಿಸಿ ಎದೆಗೊಂದು ರೇಶಿಮೆಯ ಬಿಲ್ಲೆ ಚುಚ್ಚಿದರು. ಕಲೆಕ್ಟರ್ ಸಾಹೇಬರು ಬರುವವರೆಗೆ ಸ್ವಾಗತಿಸಲು ಯಾರೂ ಇರಲಿಲ್ಲವಾದ್ದರಿಂದ ನಾನು ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತ ನಿಂತಿದ್ದೆ.

ಆಗ ಬಾಗಿಲಲ್ಲಿ ಗಲಾಟೆಯಾಯಿತು.

“ಮೀನಿನವರು ಹಿಂದಿನ ಬಾಗಿಲಿಗೆ ಹೋಗಿ,” ಎನ್ನುತ್ತಿದ್ದ ಪಹರೆಯವ.

“ಮಾರೂಕೆ ಬರ್ಲಿಲ್ಲಾ ನಾನು! ನೋಡೂಕೆ ಬಂದದ್ದು! ಬುಟ್ಟಿ ಎಲ್ಲದೆ ತೋರ್ಸು ನೋಡ್ವಾ!”

ಮಾದೇವಿ! ಮದುವೆಮನೆಗೆ ಉಡುವ ಸೀರೆ, ಮುಡಿಗೆ ಅಬ್ಬಲಿಗೆ. ಬುಟ್ಟಿಯಿಲ್ಲದ ತಲೆಯ ಕಡೆಗೆ ಅವಳ ಕೈ ಮಾತ್ರ ಮತ್ತೆ ಮತ್ತೆ ಹೋಗುತ್ತಿತ್ತು. ಹಿಂದೆ ಹೊಸ ರುಮಾಲಿನ ಜಟ್ಟು, ಸೊಸೆ ಗಂಗಿ, ಗಂಗಿಯ ಸೊಂಟದಲ್ಲಿ ಸೋಮ. ಮಳೆಗೆ ದೋಣಿ ದಂಡೆಗೇರಿದ ದಿನಗಳಾದ್ದರಿಂದ ಮನೆಮಂದಿಯೆಲ್ಲ ಮೋಟಾರು ಹತ್ತಿ ಬಂದಿದ್ದರು. ನಾನು ಮುಂದೆ ಹೋಗಿ ಕೈಮುಗಿದು ಸ್ವಾಗತಿಸಿದೆ. ಬಿಲ್ಲೆಗೆ ಅಂದು ಸಿಕ್ಕ ಮೊದಲ ಕೆಲಸ ಅದು.

“ಸಮುದ್ರ ಅಂಗಳದಲ್ಲೇ ಇರುವಾಗ ಇಲ್ಲೀತನಕ ಬಂದ್ಯಲ್ಲೇ?”

“ಆ ಸಮುದ್ರಕ್ಕೆ ಕೂಸು ಹೆದರ್ತದೆ ಒಡ್ಯಾ. ಇದು ಸಣ್ಣದು. ಸಣ್ಣದ್ರಿಂದ ಶುರು ಮಾಡ್ವಾ ಅಂತ!”

“ಶ್!” ಎಂದು ರಾಯರು ಓಡಿ ಬಂದರು. “ಗದ್ದಲ ಮಾಡಬಾರದು. ಮೀನುಗಳು ಬೆದರುತ್ತವೆ.”

“ಮಾತಿಗೆ ಮೀನು ಹೆದರ್ತದ್ಯಾ!” ಎಂದಳು ಮಾದೇವಿ.

“ಹೆದರ್ತದೆ,” ಎಂದ ಜಟ್ಟು ಶಾಂತವಾಗಿ. “ಅದ್ಕೇ ದೋಣಿ ಮೇಲೆ ನಿನ್ನ ಕರ್ಕಂಡು ಹೋಗೂದಿಲ್ಲ.”

ಮೊದಲ ತೊಟ್ಟಿಯ ಮುಂದೆ ಸೋಮ ನೀರು ಕಂಡವನೇ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದ. ಕೆಳತುಟಿ ನಡುಗಿತು. ಮಾದೇವಿ ಧೈರ್ಯ ಹೇಳಲು ಬಾಯಿ ತೆರೆದಳು. ರಾಯರು ತುಟಿಯ ಮೇಲೆ ಬೆರಳಿಟ್ಟರು. ಅವಳು ಬಾಯಿ ಮುಚ್ಚಿದಳು. ಮತ್ತೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ತಾಗಿಸಿ, ನಾನು ಕಂಡಂತೆ ಜನ್ಮದಲ್ಲಿ ಮೊದಲ ಸಲ, ಪಿಸುಗುಟ್ಟಿದಳು.

ಸೋಮ ಒಂದು ಕಣ್ಣು ತೆರೆದ. ಪಟ್ಟೆಪಟ್ಟೆಯ ಅಗಲ ಮೀನೊಂದು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿತು. ಸೋಮನೂ ಬಾಯಿ ತೆರೆದು ಮುಚ್ಚಿದ. ಹೀಗೆ ಇಬ್ಬರ ಸಂಭಾಷಣೆ ಬಹಳ ಹೊತ್ತು ನಡೆಯಿತು. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ತೊಟ್ಟಿಯಿಂದ ತೊಟ್ಟಿಗೆ ಅಂಬೆಗಾಲಿಟ್ಟು, ಎದ್ದು, ಬಿದ್ದು, ಎಲ್ಲ ಗಾಜಿಗೂ ಮೂಗು ಒತ್ತಿ ಜೊಲ್ಲು ಹಚ್ಚಿದ. ಸಾಹೇಬರ ಮೋಟಾರಿನ ಸದ್ದು ಕೇಳಿದಾಗ ಒರೆಸಲು ಬಟ್ಟೆ ಸಿಗದೆ ನನ್ನ ರೇಶಿಮೆಯ ಬಿಲ್ಲೆಯೇ ಎರಡನೆಯ ಕೆಲಸ ಮಾಡಿತು. ಬಿಲ್ಲೆಯಿಲ್ಲದ ನನ್ನನ್ನು ಕಂಡು ಸಾಹೇಬರು ತಮ್ಮ ಒದ್ದೆ ಕೊಡೆಯನ್ನು ನನ್ನ ಕೈಗೆ ಕೊಟ್ಟರು.

ಮಾದೇವಿ ಮಾತ್ರ ಅದೇ ಪಟ್ಟೆಮೀನಿನ ಮುಂದೆ ನಿಂತಿದ್ದಳು. “ಇಷ್ಟು ವರ್ಷ ಮಾರ್ದೆ,” ಎಂದಳು ಮೆಲ್ಲಗೆ. “ಈಜೂದು ಈಗ ಕಂಡೆ. ಎಷ್ಟು ಚಂದ ತಿರುಗ್ತದೆ ನೋಡು.” “ಸಾರಿಗೂ ಚೊಲೋ,” ಎಂದು ಸೇರಿಸಿದಳು.

ಹೊರಡುವಾಗ ಗಂಗಿ ಅಂಜುತ್ತ ಅಂದಳು: “ಅತ್ತೆ, ಕೂಸು ಹೆದರೂದು ನೀರಿಗಲ್ಲ. ಗದ್ದಲಕ್ಕೆ.” ಯಾರ ಗದ್ದಲಕ್ಕೆ ಎಂದು ಅವಳು ಹೇಳಲಿಲ್ಲ. ಜಟ್ಟು ಕೆಮ್ಮಿದ. ಆ ಸಲ ಮಾದೇವಿಗೆ ಕಿವಿ ಕೇಳಿತ್ತು ಎಂದು ಅವಳ ಮುಖವೇ ಹೇಳುತ್ತಿತ್ತು.

ನೂಲಹುಣ್ಣಿಮೆಯ ದಿನ ನಾನು, ಏನೋ ಕೆಲಸವಿದ್ದವನಂತೆ, ಬೇಲೆಕೇರಿಗೆ ಹೋದೆ. ದಂಡೆಯ ತುಂಬ ಜನ, ವಾದ್ಯ, ಕೂಗು. ತಿಮ್ಮಿ ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದಳು. ಜಟ್ಟು ಮೊಮ್ಮಗನನ್ನು ಹೆಗಲಿಗೇರಿಸಿ ನೀರಿಗಿಳಿದ. ಸೋಮನ ಕೆಳತುಟಿ ಹೊರಬಂತು.

“ಎಲ್ಲಾ ಸುಮ್ನಿರೀ!” ಎಂದು ಮಾದೇವಿ ಕೂಗಿದಳು. ವಾದ್ಯದವನ ಕೋಲು ಎತ್ತಿದಲ್ಲೇ ನಿಂತಿತು. ತಿಮ್ಮಿಯ ಬಾಯಿಯೂ ನಿಂತಿತು. ತೆರೆಯೂ ಒಂದು ಗಳಿಗೆ ಹಿಂದೆ ಸರಿಯಿತೆಂದರೆ ನೀವು ನಂಬಲಿಕ್ಕಿಲ್ಲ. ಆ ಮೌನದಲ್ಲಿ ಅವಳು ಮೊಣಕಾಲುಮಟ್ಟ ನೀರಿಗಿಳಿದು, ಹೆಗಲ ಮೇಲಿನ ಕೂಸನ್ನು ಬಗ್ಗಿಸಿಕೊಂಡು, ಕಿವಿಯಲ್ಲಿ ಪಿಸುಗುಟ್ಟಿದಳು.

ಸೋಮ ಸಮುದ್ರವನ್ನು ನೋಡಿದ. ಮೀನಿನ ಹಾಗೆ ಒಮ್ಮೆ ಬಾಯಿ ತೆರೆದು ಮುಚ್ಚಿದ. ಎರಡೂ ಕೈಯಲ್ಲಿ ಕಾಯಿ ಎತ್ತಿ ಎಸೆದ. ತೆರೆ ಅದನ್ನು ತಂದು ತೋರಿಸಿ, ಮತ್ತೆ ಒಯ್ದಿತು. ಕೇರಿಗೆ ಕೇರಿಯೇ ಕೂಗಿತು. ಸೋಮನೂ ಕೂಗಿದ, ಅಜ್ಜಿಯ ದನಿಯಲ್ಲೇ. ತಾಂಡೇಲ ಕಣ್ಣಿಗೆ ಉಪ್ಪುನೀರು ಸಿಡಿಯಿತೆಂದು ಹೊಸ ರುಮಾಲಿನಿಂದ ಒರೆಸಿಕೊಂಡ.

ಓದಿದವನ ಕುತೂಹಲ ನನ್ನನ್ನು ಬಿಡಲಿಲ್ಲ. ಗೋದಾಮಿನಲ್ಲಿ ಕಂಡಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಹತ್ತಿರ ಹೋಗಿ, ಗುಟ್ಟು ಕೇಳುವವನಂತೆ, “ಮಾದೇವಿ, ಅದು ಯಾವ ದೇವರ ಮಂತ್ರವೇ? ನಿಮ್ಮ ಹಿರಿಯರಿಂದ ಬಂದದ್ದೋ?” ಎಂದೆ.

ಇನ್ನೊಂದು ಬಂಗಡೆ ಕೇಳಿದವನನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ಆಮೇಲೆ ದಂಡೆಗೆಲ್ಲ ಕೇಳುವಂತೆ ಹೇಳಿದಳು:

“ಅಲ್ಲಿ ಮೀನು ನೋಡು ಅಂದೆ, ಇಲ್ಲಿ ಕಾಯಿ ಒಗಿ ಅಂದೆ! ಮತ್ತೆಂತಾ ಹೇಳೂದು ಒಡ್ಯಾ?”