ಅರ್ಧ ಟಿಕೇಟಿನ ನಮಾಜ್

ಜನವರಿಯ ಚಳಿ. ಬೆಳಿಗ್ಗೆ ಒಂಬತ್ತೂವರೆಗೆ ನಾಶಿಕದಿಂದ ಬಸ್ ಹೊರಟಿತು. ಛತ್ರಪತಿ ಸಂಭಾಜಿನಗರಕ್ಕೆ ನೂರಾ ಎಂಬತ್ತು ಕಿಲೋಮೀಟರಿಗೂ ಮೇಲೆ, ಟಿಕೇಟು ಮುನ್ನೂರು ಚಿಲ್ಲರೆ. ಹುಮನಾಬಾದಿನಲ್ಲಿ ನನ್ನನ್ನು ಸಾಕಿದ ಖಾಲಾ, ಅಂದರೆ ಅವ್ವನ ತಂಗಿ, ಅಲ್ಲಿ ಮಗನ ಮನೆಯಲ್ಲಿದ್ದಾಳೆ. ಲಕವಾ ಹೊಡೆದು ಹಾಸಿಗೆ ಹಿಡಿದು ಆರು ವರ್ಷ. ನಾನು ಅವಳ ಮುಖ ನೋಡಿಯೇ ಎರಡು ವರ್ಷವಾಗಿತ್ತು, ಹೇಳಿಕೊಳ್ಳಲು ನಾಚಿಕೆ.

ನಾನು ಸಾತಪುರದ ಒಂದು ಕಾರ್ಖಾನೆಯಲ್ಲಿ ಲೇಥ್ ನಡೆಸುವವ. ಐದು ಹೊತ್ತಿನ ನಮಾಜ್ ಹಿಡಿಯುವುದು, ಪಾಳಿ ಬದಲಾದ ವಾರ ಕೈಬಿಡುವುದು, ಇದು ನನ್ನ ಹಳೆಯ ಚಾಳಿ. ಈ ಸಲ ಹಿಡಿದು ಐದು ದಿನವಾಗಿತ್ತು. ಸೋಮವಾರದಿಂದ ಮತ್ತೆ ಪಾಳಿ ಬದಲು. ಈ ಸಲವಾದರೂ ಉಳಿದೀತೇ ಎಂಬ ಅಂಜಿಕೆ ನನಗೇ ಇತ್ತು. ಹೆಂಡತಿ ಶಾಹಿದಾ ಚೀಲದಲ್ಲಿ ಚಪಾತಿ ಇಡುತ್ತ, "ನಮಾಜೂ ನಿಮ್ಮ ಸಂಗಾಟ ಸುಟ್ಟಿ ಮ್ಯಾಲ ಹೊಂಟದೇನ್ರಿ?" ಎಂದಿದ್ದಳು.

ನಿಫಾಡದ ದ್ರಾಕ್ಷಿ ತೋಟ ದಾಟಿ, ಯೇವಲಾದ ಉಳ್ಳಾಗಡ್ಡಿ ಲಾರಿಗಳ ಹಿಂದೆ ತೆವಳಿ, ಮಧ್ಯಾಹ್ನ ಒಂದೂಕಾಲಿಗೆ ವೈಜಾಪುರ ಮುಟ್ಟಿದೆವು. ಬಸ್ ಹತ್ತು ನಿಮಿಷ ನಿಲ್ಲುತ್ತದೆ ಎಂದ ಕಂಡಕ್ಟರ್. ಜೊಹರ್ ನಮಾಜಿನ ಹೊತ್ತಾಗಿತ್ತು. ಪಕ್ಕದ ಸೀಟಿನಲ್ಲಿದ್ದ ಕಲಬುರಗಿಯ ಬ್ಯಾಂಕ್ ಮೇಡಂ ನನ್ನ ಚಡಪಡಿಕೆ ನೋಡಿ, "ಹೋಗ್ರಿ, ಬಸ್ ನಾ ನಿಂದರಸ್ತೀನಿ" ಎಂದರು. ಸ್ಟ್ಯಾಂಡಿನ ನಳದಲ್ಲಿ ಕೈ, ಮುಖ, ಕಾಲು ತೊಳೆದು ವಜೂ ಮಾಡಿ, ಮೂಲೆಯಲ್ಲಿ ಪೇಪರ್ ಹಾಸಿ ನಮಾಜ್ ಮುಗಿಸಿ ಓಡಿ ಬಂದೆ.

"ಇಷ್ಟ ಲಗೂನ ಮುಗೀತೇನ್ರಿ?"

"ಒಂದ ಸಲ ನಿಂತು, ಬಗ್ಗಿ, ಹಣಿ ಊರಿದ್ರ ಒಂದು ರಕಾತ್ ರಿ ಮೇಡಂ. ಪ್ರಯಾಣದಾಗ ನಾಕು ಇದ್ದಲ್ಲಿ ಎರಡೇ. ಊರ ಮುಟ್ಟಿದ ಮ್ಯಾಲ ಮತ್ತ ನಾಕು."

ಅವರು ತಮ್ಮ ಟಿಕೇಟು ಎತ್ತಿ ತೋರಿಸಿದರು. ಈ ರಾಜ್ಯದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ದರ. "ಅಯ್ಯ, ಹಂಗಾದ್ರ ನನಗೂ ಅರ್ಧ ಟಿಕೇಟ, ನಿಮಗೂ ಅರ್ಧ ಟಿಕೇಟ!" ಹಿಂದಿನ ಸೀಟಿನವರು ತಿರುಗಿ ನೋಡುವಷ್ಟು ಇಬ್ಬರೂ ನಕ್ಕೆವು.

ಸಂಭಾಜಿನಗರದಲ್ಲಿ ಇಳಿದು ರಿಕ್ಷಾ ಹಿಡಿದೆ. ಹಳೆಯ ಕಲ್ಲಿನ ದರವಾಜಾ ಒಂದರೊಳಗೆ ತೂರಿ, ಓಣಿಯ ಮನೆ ಮುಟ್ಟುವಾಗ ನಾಲ್ಕು ದಾಟಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆಗುತ್ತಿತ್ತು. ಬಾಗಿಲಲ್ಲೇ ನಿಂತುಬಿಟ್ಟೆ.

ಮುಖ ಪಡುವಣಕ್ಕೆ ಬರುವಂತೆ ಖಾಲಾಳ ದಿಂಬು ಎತ್ತರಿಸಿದ್ದರು. ಪಕ್ಕದಲ್ಲಿ ಬೀದರಿನ ಒಂದು ಕೆಂಪು ಕಲ್ಲು. ನೀರು ಮುಟ್ಟಲಾಗದವರು ಮಣ್ಣು, ಕಲ್ಲಿನಿಂದಲೇ ಶುದ್ಧಿ ಮಾಡಿಕೊಳ್ಳಬಹುದು. ಬಲಗೈಯನ್ನು ಕಲ್ಲಿಗೆ ತಟ್ಟಿ ಮುಖ ಸವರಿಕೊಂಡಳು. ಮತ್ತೆ ತಟ್ಟಿ, ಸತ್ತಂತೆ ಬಿದ್ದ ಎಡಗೈ ಸವರಿದಳು. ಬಲಗೈ ಸವರಲು ಇನ್ನೊಂದು ಕೈ ಎಲ್ಲಿದೆ? ಅದನ್ನು ಕಲ್ಲಿಗೇ ತಿಕ್ಕಿಕೊಂಡಳು. ಆರು ವರ್ಷದ ತಿಕ್ಕಾಟಕ್ಕೆ ಆ ಒರಟು ಕಲ್ಲು ನಡುವೆ ನುಣ್ಣಗಾಗಿತ್ತು. ಆಮೇಲೆ ನಮಾಜ್. ಸೊಂಟ ಬಗ್ಗಿಸುವ ರುಕೂಗೆ ಗದ್ದ ಒಂದಿಷ್ಟು ಬಾಗಿತು, ಹಣೆ ನೆಲಕ್ಕೂರುವ ಸಜ್ದಾಕ್ಕೆ ಇನ್ನೊಂದಿಷ್ಟು. ಅಷ್ಟೇ. ಎಂತೆಂಥ ದೊಡ್ಡ ಮಸೀದಿಗಳಲ್ಲಿ ಸಾಲಿನಲ್ಲಿ ನಿಂತಿದ್ದೇನೆ, ಇಂಥ ನಮಾಜ್ ಕಂಡಿರಲಿಲ್ಲ.

ಮುಗಿದ ಮೇಲೂ ಅವಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು: ಸುಭಾನಲ್ಲಾಹ್, ಸುಭಾನಲ್ಲಾಹ್. ನಾನೂ ಮೂಲೆಯಲ್ಲಿ ನನ್ನ ಎರಡು ರಕಾತ್ ಮುಗಿಸಿ ಹತ್ತಿರ ಕುಳಿತೆ. ಬ್ಯಾಂಕ್ ಮೇಡಂ ಮಾತು ಹೇಳಿದೆ. ಖಾಲಾ ಅರ್ಧ ಬಾಯಲ್ಲೇ ನಕ್ಕಳು.

"ನನಗ ಪೂರಾ ಟಿಕೇಟಪ್ಪ. ನಾ ಎಲ್ಲಿಗಿ ಹೊಂಟೀನಿ? ಇಲ್ಲೇ ಬಿದ್ದೀನಿ. ನಾಕಂದ್ರ ನಾಕೇ."

ಪಾಳಿಯ ಕಥೆ, ಬಿಟ್ಟು ಹಿಡಿಯುವ ಕಥೆ ಎಲ್ಲ ಅವಳ ಮುಂದೆ ಬಿಚ್ಚಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಒಮ್ಮೆಲೇ ಐದೂ ಹಿಡದಾಕಿ ನಾನೂ ಅಲ್ಲೋ. ಬಳಿ ಬುಟ್ಟಿ ಹೊತ್ತು ಮನಿ ಮನಿ ತಿರಗಾಕಿಗಿ ಹೊತ್ತು ಎಲ್ಲಿ ಸಿಗ್ತಿತ್ತು? ಮೊದಲ ಅಸರ್ ಒಂದೇ ಗಟ್ಟಿ ಮಾಡ್ದೆ. ಚಾ ಕುಡಿಯೂಕಿಂತ ಮೊದಲ ಅಂತ ಗಂಟ ಹಾಕ್ದೆ. ಉಳದಾವು ಅದರ ಬೆನ್ನ ಹತ್ತಿ ಬಂದ್ವು. ನೀ ಚಾ ಯಾವಾಗರ ಮರತೀದಿಯೇನು?"

"ಇಲ್ಲ ಖಾಲಾ."

"ಮತ್ತ? ಅದಕ್ಕೇ ಕಟ್ಟು."

ಮರುದಿನ ಹನ್ನೊಂದಕ್ಕೆ ಹೊರಟೆ. ಯೇವಲಾದಲ್ಲಿ ಜೊಹರಿನ ಎರಡು ರಕಾತ್, ಒಂದು ಪ್ಲೇಟ್ ಮಿಸಳ್. ಸಾತಪುರದ ಮನೆ ಸೇರಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೈಕೈ ನುಗ್ಗಾಗಿತ್ತು. ಶಾಹಿದಾ ಚಹಾ ತಂದಿಟ್ಟಳು, ಶುಂಠಿ ಹಾಕಿದ ಬಿಸಿ ಚಹಾ. ಕೈ ತಾನಾಗಿಯೇ ಕಪ್ಪಿಗೆ ಹೋಯಿತು.

"ತಡಿ" ಎಂದು ವಜೂ ಮಾಡಿ ಅಸರಿಗೆ ಚಾಪೆ ಹಾಸಿದೆ. ಅವಳು ಕಪ್ಪಿನ ಮೇಲೆ ಬಸಿ ಮುಚ್ಚಿದಳು.

ಎರಡು ರಕಾತ್ ಮುಗಿದು ಕುಳಿತೆ. ಎರಡು ದಿನದ ರೂಢಿಗೆ ಕೊರಳು ನಮಾಜ್ ಮುಗಿಸುವ ಸಲಾಮಿಗೆಂದು ಬಲಕ್ಕೆ ಹೊರಳಲು ಸಜ್ಜಾಗಿತ್ತು. ಅರ್ಧ ಟಿಕೇಟು ಮುಗಿದು ನಾನು ಊರಲ್ಲಿದ್ದೆ. ದಿಂಬಿನ ಮೇಲೆ ಬಾಗುತ್ತಿದ್ದ ಆ ಗದ್ದ ಕಣ್ಣ ಮುಂದೆ ಬಂತು. ಚಹಾ ಆರಿದರೆ ಆರಲಿ. ಮೂರನೆಯ ರಕಾತಿಗೆ ಎದ್ದು ನಿಂತೆ.