ಮೂತಿ ತೆಳ್ಳಗಾದ ಹಡಗು

ನಮ್ಮ ಚಿಕ್ಕಮ್ಮನಿಗೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ. ಹಾಗೆಂದರೆ ಜನ ಸುತ್ತಿಗೆಯ ಸದ್ದು, ವೆಲ್ಡಿಂಗ್ ಕಿಡಿ ಎಲ್ಲ ಊಹಿಸಿಕೊಳ್ಳುತ್ತಾರೆ. ಅವಳು ಕೂರುವುದು ಮಹಡಿಯ ಮೇಲಿನ ಡ್ರಾಯಿಂಗ್ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ, ಕಂಪ್ಯೂಟರಿನ ಮುಂದೆ. ಹಡಗಿನ ಹೊರಮೈ ತೆಳು ಉಕ್ಕಿನ ಚರ್ಮವಿದ್ದಂತೆ. ಒಳಗಿನಿಂದ ಸಾಲಾಗಿ ಫ್ರೇಮುಗಳು, ಅಂದರೆ ಪಕ್ಕೆಲುಬಿನಂಥ ಉಕ್ಕಿನ ಚೌಕಟ್ಟುಗಳು, ಹಿಡಿದುಕೊಂಡಿರುವುದರಿಂದಲೇ ಅದು ನೀರಿನ ಒತ್ತಡಕ್ಕೆ ಒಳಕ್ಕೆ ಕುಸಿಯುವುದಿಲ್ಲ. ಆ ಫ್ರೇಮುಗಳನ್ನು ಪರದೆಯ ಮೇಲಿನ ಹಡಗಿನಲ್ಲಿ ಒಂದೊಂದಾಗಿ ಕೂರಿಸುವುದು ಅವಳ ಕೆಲಸ. ಪಕ್ಕೆಲುಬು ಜೋಡಿಸುವವಳು ಎಂದು ಚಿಕ್ಕಪ್ಪ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಾರೆ.

ಈ ಕೆಲಸ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅದೇ ಕೋಣೆಯ ಮೂಲೆಯಲ್ಲಿ ಪ್ರಿಂಟ್ ಯಂತ್ರದ ಪಕ್ಕ, ಒಂದು ಕಾಲು ಗಿಡ್ಡವಾದ ಕುರ್ಚಿಯಲ್ಲಿ ಕುಳಿತು, ಬೇರೆಯವರು ಬರೆದ ನಕ್ಷೆಗಳನ್ನು ಪ್ರಿಂಟ್ ತೆಗೆದು ಮಡಚುತ್ತಾ ವರ್ಷಗಳನ್ನೇ ಕಳೆದಿದ್ದಳು. ಊಟದ ಬಿಡುವಿನಲ್ಲಿ ಯಾರದಾದರೂ ಕಂಪ್ಯೂಟರ್ ಖಾಲಿ ಇದ್ದರೆ ಕುಳಿತು ಸಾಫ್ಟ್‌ವೇರ್ ಕಲಿತಳು. ಕೊನೆಗೊಮ್ಮೆ, ಜನರನ್ನೂ ವಾಹನಗಳನ್ನೂ ಆಚೆ ದಡಕ್ಕೆ ದಾಟಿಸುವ ಒಂದು ಸಣ್ಣ ಹಡಗಿನ ಫ್ರೇಮುಗಳು ಪೂರ್ತಿ ಅವಳ ಕೈಗೆ ಬಂದವು. ಹಡಗಿನ ಆಕಾರ ಬರೆಯುವ ಸಾಹೇಬರು ಕರೆದು ಹೇಳಿದರು:

"ನೋಡೀಮ್ಮಾ, ತಿಂಗಳ ಕೊನೆಗೆ ಇದು ಕಟಿಂಗ್ ಶೆಡ್ಡಿಗೆ ಹೋಗ್ಬೇಕು. ಆಗ್ಲಿಲ್ಲ ಅಂದ್ರೆ ಹೊರಗಿನವರಿಗೆ ಕೊಡ್ತೀನಿ, ನೀವು ಪ್ರಿಂಟಿಗೆ ವಾಪಸ್. ಬೇಜಾರು ಮಾಡ್ಕೋಬಾರ್ದು."

"ಬೇಜಾರು ಮಾಡ್ಕೋಬೇಡ ಅಂತ ಮೊದಲೇ ಹೇಳೋರನ್ನ ಕಂಡ್ರೆ ನಂಗಾಗಲ್ಲ" ಎಂದು ಚಿಕ್ಕಮ್ಮ ಮನೆಗೆ ಬಂದು ಬ್ಯಾಗು ಎಸೆದಳು.

ಕೆಲಸದಲ್ಲಿ ಒಂದು ತೊಡಕಿತ್ತು. ಅದು ನನಗೆ ಅರ್ಥವಾಗಲು ಚಿಕ್ಕಮ್ಮ ಒಂದು ರಟ್ಟಿನ ಡಬ್ಬವನ್ನು ಬಾಗಿಸಿ ತೋರಿಸಬೇಕಾಯಿತು. ಫ್ರೇಮಿನ ಒಳಅಂಚಿನಲ್ಲಿ ಒಂದು ಪಕ್ಕಕ್ಕೆ ಮಡಚಿದ ಪಟ್ಟಿ ಇರುತ್ತದೆ. ಅವಳು ಅದನ್ನು ತುಟಿ ಎನ್ನುತ್ತಾಳೆ. ಹಡಗು ಮೂತಿಯ, ಅಂದರೆ ಮುಂತುದಿಯ, ಕಡೆಗೆ ಹೋದಂತೆ ಸಣ್ಣದಾಗುವುದರಿಂದ, ಫ್ರೇಮು ಹೊರಮೈಗೆ ಸೇರುವಲ್ಲಿ ಒಂದು ಪಕ್ಕದ ಮೂಲೆ ಅಗಲ, ಇನ್ನೊಂದು ಪಕ್ಕದ್ದು ಇಕ್ಕಟ್ಟು. ತುಟಿ ಹಡಗಿನ ನಡುವಿನ ಕಡೆಗೆ ತಿರುಗಿದ್ದರೆ ಅದರ ಅಡಿಗೆ ಅಗಲದ ಮೂಲೆ ಬರುತ್ತದೆ, ವೆಲ್ಡರ್ ಕೈ ತೂರುತ್ತದೆ. ಮೂತಿಯ ಕಡೆಗೆ ತಿರುಗಿದ್ದರೆ ಕೈ ಹಾಕಲು ಜಾಗವೇ ಇಲ್ಲ. ಹಿಂಬದಿಯಲ್ಲೂ ಹಾಗೆಯೇ. ಒಟ್ಟಿನಲ್ಲಿ ಎಲ್ಲ ತುಟಿಗಳೂ ನಡುವನ್ನು ನೋಡಬೇಕು.

ಆ ಸಾಫ್ಟ್‌ವೇರಿಗೆ ಇದು ಗೊತ್ತಿರಲಿಲ್ಲ. ಹಿಂಬದಿಯಿಂದ ಶುರು ಮಾಡಿ ಮೂತಿಯವರೆಗೆ ಫ್ರೇಮು ಇಡು ಎಂದರೆ, ಸಾಲು ಹೋಗುವ ದಿಕ್ಕಿಗೇ ಎಲ್ಲ ತುಟಿಗಳನ್ನೂ ತಿರುಗಿಸಿ ಇಡುತ್ತಿತ್ತು. ಹಿಂದಿನ ಅರ್ಧ ಸರಿ, ಮುಂದಿನ ಅರ್ಧ ಪೂರ್ತಿ ತಪ್ಪು. ಚಿಕ್ಕಮ್ಮ ಮುಂದಿನವನ್ನು ಒಂದೊಂದಾಗಿ ಹಿಡಿದು ತಿರುಗಿಸಿದಳು. ಕುತ್ತಿಗೆ ಹಿಡಿದುಕೊಂಡಿತು, ಆದರೂ ಮುಗಿಸಿದಳು.

ಮರುದಿನ ಸಾಹೇಬರು ತಮ್ಮ ಕುರ್ಚಿಯಿಂದಲೇ ಕೂಗಿದರು. "ಮೂತಿ ಒಂಚೂರು ಚೂಪು ಮಾಡಿದೀನಮ್ಮಾ. ನೂಲಿನಷ್ಟು, ಗೊತ್ತೇ ಆಗಲ್ಲ."

ಸಾಹೇಬರಿಗೆ ಗೊತ್ತಾಗಲಿಲ್ಲ, ಸಾಫ್ಟ್‌ವೇರಿಗೆ ಗೊತ್ತಾಯಿತು. ಅದು ಎಲ್ಲ ಫ್ರೇಮುಗಳನ್ನೂ ಹೊಸ ಆಕಾರಕ್ಕೆ ತಕ್ಕಂತೆ ಮತ್ತೆ ಹುಟ್ಟಿಸಿತು. ಹುಟ್ಟಿಸುವಾಗ ಮುಂದಿನ ತುಟಿಗಳನ್ನೆಲ್ಲ ಮತ್ತೆ ಮೂತಿಯ ಕಡೆಗೆ ತಿರುಗಿಸಿಬಿಟ್ಟಿತು. ಚಿಕ್ಕಮ್ಮ ಮತ್ತೆ ಕುಳಿತಳು. ಅವಳು ಮುಗಿಸುವುದಕ್ಕೂ ಸಾಹೇಬರಿಗೆ ಮೂತಿಯ ಬಗ್ಗೆ ಇನ್ನೊಂದು ಯೋಚನೆ ಹೊಳೆಯುವುದಕ್ಕೂ ಸರಿಹೋಗುತ್ತಿತ್ತು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ ಒಬ್ಬ ಬಲು ವಿನಯದಿಂದ, "ಅದು ತೊಂದರೆ ಅಲ್ಲ ಮೇಡಂ, ಅದು ಇರೋದೇ ಹಾಗೆ" ಎಂದ.

"ನಮ್ಮ ಮನೆಯವರ ಬಗ್ಗೆ ನಮ್ಮತ್ತೇನೂ ಇದನ್ನೇ ಹೇಳಿದ್ದು" ಎಂದು ಚಿಕ್ಕಮ್ಮ ಫೋನ್ ಇಟ್ಟಳಂತೆ.

ಚಿಕ್ಕಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂದು ಸಂಜೆ ಚಿಕ್ಕಮ್ಮ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕುಳಿತಿದ್ದಾಗ, ಅವರು ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು: "ನಾನಂತೂ ಒಂದ್ಸಲ ಅಳತೆ ತಗೊಂಡ್ರೆ ಮುಗೀತು. ಆಮೇಲೆ ಗಿರಾಕಿ ದಪ್ಪ ಆದ್ರೆ ಅದು ಅವನ ಹಣೆಬರಹ."

"ನಿಮಗೇನ್ರೀ, ಬಾಯಿಗೆ ಬಂದಿದ್ದು ಹೇಳ್ತೀರ."

"ಹೇಳೋದು ಹೇಳ್ದೆ. ಅನ್ನ ಆರ್ತಿದೆ ಡಾಕ್ಟರಮ್ಮ."

ಬೈದಳೇ ಹೊರತು ಮಾತು ತಲೆಯಲ್ಲಿ ಉಳಿಯಿತು. ಮರುದಿನ ತುಟಿಗಳನ್ನೆಲ್ಲ ತಿರುಗಿಸಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿದಳು. ಫ್ರೇಮುಗಳಿಗೂ ಹೊರಮೈಗೂ ಇದ್ದ ಕೊಂಡಿಯನ್ನು ಸಾಫ್ಟ್‌ವೇರಿನಲ್ಲಿ ಕಳಚಿಬಿಟ್ಟಳು. ಇನ್ನು ಹೊರಮೈ ಏನೇ ಆದರೂ ಫ್ರೇಮುಗಳು ಅಲ್ಲಾಡುವುದಿಲ್ಲ. ಇದನ್ನು ಸಾಹೇಬರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಸಾಹೇಬರೂ ಅದೇ ಮಧ್ಯಾಹ್ನ ಮೂತಿಯನ್ನು ಇನ್ನಷ್ಟು ತೆಳ್ಳಗೆ ಮಾಡಿ, ಇದೇ ಕೊನೆ, ಹೇಳುವುದೇನು ಎಂದು ಸುಮ್ಮನಾದರು. ಫ್ರೇಮುಗಳೂ ಹೊರಮೈಯ ತಗಡುಗಳೂ ಗಡುವಿಗೆ ಮೊದಲೇ ಶೆಡ್ಡಿಗೆ ಹೋದವು. ಚಿಕ್ಕಮ್ಮ ಆ ದಿನ ದಾರಿಯಲ್ಲಿ ತನಗೆಂದೇ ಒಂದು ಜೊತೆ ಚಪ್ಪಲಿ ಕೊಂಡು ಬಂದಳು.

ಆ ಚಪ್ಪಲಿ ಹಾಕಿಕೊಂಡ ವಾರದಲ್ಲೇ ಶೆಡ್ಡಿನ ಮೇಸ್ತ್ರಿ ಫೋನ್ ಮಾಡಿದರು. "ಅಕ್ಕಾ, ಒಂಚೂರು ಕೆಳಗೆ ಬರ್ತೀರಾ? ನಿಮ್ಮ ಹಡಗಿನ ಪಕ್ಕೆಲುಬು ಚರ್ಮದಿಂದ ಆಚೆ ಬರ್ತಿದೆ. ಊಟ ಗೀಟ ಹಾಕ್ತಿಲ್ವಾ ಅದಕ್ಕೆ?"

ನೆಲದ ಮೇಲೆ ಮೂತಿಯ ಬಾಗಿದ ತಗಡು, ಅದರ ಮೇಲೆ ಇಟ್ಟು ನೋಡಿದ ಮೊದಲ ಫ್ರೇಮು. ಫ್ರೇಮಿನ ಅಂಚು ತಗಡಿನಿಂದ ಎರಡು ಬೆರಳಿನಷ್ಟು ಹೊರಗೆ ಚಾಚಿತ್ತು. ಮೇಸ್ತ್ರಿ ನಗುತ್ತಿದ್ದವರು ಅವಳ ಮುಖ ನೋಡಿ ನಗು ನಿಲ್ಲಿಸಿ, ಮೂತಿಯ ಉಳಿದ ಫ್ರೇಮುಗಳ ಕಟಿಂಗ್ ತಡೆಹಿಡಿದರು.

ಸಾಹೇಬರು ಕೂಗಾಡಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. "ಹೇಳ್ದೆ ಬದಲಾಯಿಸಿದ್ದು ನನ್ನ ತಪ್ಪು, ಹೇಳ್ದೆ ಕೊಂಡಿ ಕಳಚಿದ್ದು ನಿಮ್ಮ ತಪ್ಪು. ಸೋಮವಾರದ ತನಕ ನೋಡೋಣ. ಕೊಂಡಿ ಮತ್ತೆ ಹಾಕಿ. ಇಲ್ಲ ಅಂದ್ರೆ ಹೊರಗಡೆಗೆ ಕೊಡ್ಲೇಬೇಕಾಗುತ್ತೆ."

ಮನೆಯಲ್ಲಿ ಚಿಕ್ಕಪ್ಪ ಮೆಲ್ಲಗೆ ಕೇಳಿದರು: "ಯಾಕೆ, ಗಿರಾಕಿ ದಪ್ಪ ಆದ್ನಾ?"

"ತೆಳ್ಳಗಾದ. ಇನ್ನೊಂದು ಮಾತಾಡಿದ್ರೆ ನಿಮ್ಮ ಕತ್ತರಿ ಬಾವಿಗೆ."

ಮರುದಿನ ಅವಳು ಮುಂದಿನ ಅರ್ಧದ ಫ್ರೇಮುಗಳನ್ನೆಲ್ಲ ಅಳಿಸಿಹಾಕಿದಳು. ಯೋಚನೆ ಮಾಡಿ ಮಾಡಿದ್ದಲ್ಲ, ಸಿಟ್ಟಿಗೆ ಮಾಡಿದ್ದು. ಪರದೆಯ ಮೇಲೆ ಮೂತಿ ಬೋಳಾಗಿ ನಿಂತಿತು. ಮತ್ತೆ ಹಿಂಬದಿಗೆ ಹೋಗಿ ಶುರು ಮಾಡುವಷ್ಟು ತಾಳ್ಮೆ ಇರಲಿಲ್ಲ. ಕಣ್ಣೆದುರಿಗಿದ್ದ ಮೂತಿಯ ತುದಿಯನ್ನೇ ಒತ್ತಿ, ಇಲ್ಲಿಂದ ನಡುವಿನವರೆಗೆ ಇಡು ಎಂದಳು. ಸಾಲು ಈಗ ನಡುವಿನ ಕಡೆಗೆ ಹೊರಟಿತ್ತು. ತುಟಿಗಳೂ ಅಷ್ಟೂ ನಡುವಿನ ಕಡೆಗೆ ತಿರುಗಿ ಕುಳಿತವು.

ಚಿಕ್ಕಮ್ಮನಿಗೆ ಸಂತೋಷವಾಗಲಿಲ್ಲ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಕೊಂಡಿ ಹಾಕಿ ಎದ್ದುಹೋಗಿ, "ಸರ್, ಮೂತಿ ಇನ್ನೊಂಚೂರು ಬದಲಾಯಿಸಿ" ಎಂದಳು.

ಸಾಹೇಬರು ಕನ್ನಡಕ ತೆಗೆದು ನೋಡಿದರು. "ಹುಷಾರಾಗಿದೀರಾಮ್ಮಾ?"

"ಬದಲಾಯಿಸಿ ಸರ್."

ಅವರು ಬದಲಾಯಿಸಿದರು. ಫ್ರೇಮುಗಳು ಮತ್ತೆ ಹುಟ್ಟಿದವು. ತುಟಿಗಳು ಕದಲಲಿಲ್ಲ. ಮೂತಿಯನ್ನು ಮತ್ತೆ ಶೆಡ್ಡಿನ ತಗಡಿನ ಆಕಾರಕ್ಕೇ ತರಿಸಿದಳು. ಆದರೆ ಮೂತಿಯಿಂದ ಶುರುವಾದ ಸಾಲಿಗೆ ಸಾಫ್ಟ್‌ವೇರ್ ನಂಬರುಗಳನ್ನೂ ಮೂತಿಯಿಂದಲೇ ಕೊಟ್ಟಿತ್ತು. ಶೆಡ್ಡಿನಲ್ಲಿ ನಂಬರು ಎಣಿಸುವುದು ಹಿಂಬದಿಯಿಂದ. ಈಗ ಅವನ್ನೆಲ್ಲ ಕೈಯಲ್ಲೇ ತಿದ್ದಬೇಕು. ಚಿಕ್ಕಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಒಂದೊಂದೇ ತಿದ್ದತೊಡಗಿದಳು.

ಸೋಮವಾರ ಹೊಸ ಫ್ರೇಮುಗಳು ಶೆಡ್ಡಿಗೆ ಹೋಗುವ ಮುನ್ನ ಸಾಹೇಬರು ಅವಳ ಮೇಜಿನ ಬಳಿ ಬಂದು ನಿಂತರು. ಕೂಗುವುದು ಬಿಟ್ಟು ನಡೆದು ಬಂದದ್ದು ಅದೇ ಮೊದಲು. "ಹಿಂದ್ಗಡೆ ತಗಡು ಇನ್ನೂ ಕತ್ತರಿಸಿಲ್ವಂತೆ, ಒಂಚೂರು ಅಗಲ ಮಾಡ್ಲಾ ಅಂತ..." ಎಂದು ಎಳೆದರು.

ಚಿಕ್ಕಮ್ಮ ಎದ್ದುಹೋಗಿ ಪ್ರಿಂಟ್ ಯಂತ್ರದ ಪಕ್ಕದ ಆ ಕಾಲು ಗಿಡ್ಡವಾದ ಕುರ್ಚಿಯನ್ನು ಎಳೆದು ತಂದು ತನ್ನ ಪಕ್ಕ ಹಾಕಿದಳು.

"ಕೂತ್ಕೊಳ್ಳಿ ಸರ್. ಏನು ಮಾಡೋದಿದ್ರೂ ಇಲ್ಲೇ, ನನ್ನ ಮುಂದೆ ಮಾಡಿ."