ಪಾತ್ರೆ ತಣ್ಣಗಾಗುವವರೆಗೆ

...ಗುಲಾಬಿ ಅಲ್ಲ, ಕೇದಗೆ ಇರಬೇಕು, ಕಂಪೌಂಡರ ಸ್ನೋದ ವಾಸನೆ. ಇಷ್ಟು ವರ್ಷ ಗುಲಾಬಿ ಎಂದೇ ನಂಬಿದ್ದೆ, ಒಂದೆರಡು ಕಡೆ ಹಾಗೆಂದು ಬರೆದೂ ಬಿಟ್ಟಿದ್ದೇನೆ. ಮೊನ್ನೆ ಮೆಡಿಕಲ್ ಸ್ಟೋರಿನಿಂದ ತಂದ ಮುಖದ ಕ್ರೀಮಿನ ಟ್ಯೂಬನ್ನು ಹಿಂಡಿದಾಗ ಮೊದಲು ಎರಡು ಹನಿ ತಿಳಿನೀರು ಬಂತು, ಆಮೇಲೆ ಬಿಳಿಯ ಗಂಟು. ಆ ನೀರನ್ನು ಮೂಸಿದೆ. ವಾಸನೆ ಏನೂ ಇರಲಿಲ್ಲ. ವಾಸನೆಯೇ ಇಲ್ಲದ ನೀರಿನಿಂದ ಕೇದಗೆಯ ನೆನಪು ಹೇಗೆ ಬಂತೋ ತಿಳಿಯದು. "ನೀರು ಬಿಟ್ಟಿದೆ" ಎಂದೆ, ಕೇಳಲು ಯಾರೂ ಇಲ್ಲದಿದ್ದರೂ. ಆ ಮಾತು ನನ್ನದಲ್ಲ, ಕಂಪೌಂಡರದು.

ಆಗ ನಾನು ಮಲಯಾಳ ಸೀಮೆಯ ಕಾಟ್ಟಿಕುಳದಲ್ಲಿ ಮರದ ಡಿಪೋ ಒಂದರ ಗುಮಾಸ್ತ. ಮಾನಂದವಾಡಿಯಿಂದ ಬಾವಲಿಗೆ ಹೋಗುವ ರಸ್ತೆಯ ಬದಿಗೆ ಹಂಚು ಹೊದಿಸಿದ, ಸಾಲುಕೋಣೆಗಳ ಒಂದು ಲೈನು ಇತ್ತು. ಒಂದು ಕೋಣೆಯಲ್ಲಿ ನಾನು, ಪಕ್ಕದ ಎರಡರಲ್ಲಿ ಕಂಪೌಂಡರು, ನಡುವೆ ಹಲಗೆಯ ಗೋಡೆ. ಅವರು ಸರಗೂರು ಕಡೆಯವರು. ಟೀ ಎಸ್ಟೇಟಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಮುಲಾಮು ಅರೆದು, ಮಿಕ್ಸ್ಚರ್ ಕಲಸಿ, ಹೊಸದಾಗಿ ಬಂದ ಡಾಕ್ಟರ ಜತೆ ಜಗಳವಾಡಿ ಹೊರಬಿದ್ದಿದ್ದರು. ಊರಲ್ಲಿ ಹೆಂಡತಿ ಇದ್ದರು ಎಂದು ಕೆಲವರು, ತೀರಿಕೊಂಡಿದ್ದರು ಎಂದು ಕೆಲವರು ಹೇಳುತ್ತಿದ್ದರು. ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ನನಗೆ ಜನರಿಗಿಂತ ವಿಚಾರಗಳು ಮುಖ್ಯವಾಗಿದ್ದವು.

ಅವರು ಸ್ನೋ, ಎಂದರೆ ಮುಖಕ್ಕೆ ಹಚ್ಚುವ ಬಿಳಿ ಕ್ರೀಮು, ಮಾಡುತ್ತಿದ್ದರು. ಮೇಣದಂಥ ಬಿಳಿ ಚಕ್ಕೆಯನ್ನು ಕರಗಿಸಿ, ಕಾಸ್ಟಿಕ್ ಪೊಟ್ಯಾಷ್ ಎಂಬ ಕೈ ಸುಡುವ ಕ್ಷಾರ ಬೆರೆತ ಬಿಸಿನೀರನ್ನು ಅದಕ್ಕೆ ಹೊಯ್ದು, ಗ್ಲಿಸರಿನ್ ಹಾಕಿ ತಿರುವುತ್ತ ಹೋದರೆ ಎಲ್ಲವೂ ಕೂಡಿಕೊಂಡು ಬೆಣ್ಣೆಯ ಹಾಗೆ ಬರುತ್ತದೆ. ಮಾಡುವುದು ಕಷ್ಟವಲ್ಲ, ಅದು ಹಾಗೆಯೇ ಉಳಿಯುವುದು ಕಷ್ಟ ಎನ್ನುತ್ತಿದ್ದರು. ಅಲ್ಲಿನ ಧನುರ್ಮಾಸದ ಚಳಿಯಲ್ಲಿ ಗಟ್ಟಿಯಾಗಿ, ಬಾವಲಿ ದಾಟಿ ಮೈಸೂರು ಕಡೆಯ ಬಿಸಿಲಿಗೆ ಹೋದಾಗ ಸಡಿಲಾಗಿ, ತಿಂಗಳೊಳಗೆ ಶೀಷೆಯ ಅಂಚಿನಲ್ಲಿ ನೀರು ನಿಲ್ಲುತ್ತಿತ್ತು. ಅಂಗಡಿಯವರು ವಾಪಸು ಕಳಿಸುತ್ತಿದ್ದರು. ಎರಡೂ ಕಡೆ ನೀರು ಬಿಡದ ಸ್ನೋ ಒಂದೇ ಅವರ ಗುರಿ.

ಅದಕ್ಕಾಗಿ ಅವರು ಶೀಷೆಗಳನ್ನು ಹಿಂಸಿಸುತ್ತಿದ್ದರು. ಹಗಲು ತಗಡಿನ ಮೇಲೆ ಬಿಸಿಲಿಗೆ ಇಟ್ಟು, ಸಂಜೆ ಅವನ್ನೇ ತಣ್ಣೀರ ಗಡಿಗೆಗೆ ಇಳಿಬಿಡುವುದು. ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಒದ್ದೆಯ ಉಂಗುರ ಮೂಡುತ್ತದೆಯೇ ಎಂದು ನೋಡುವುದು. ನಾಲ್ಕು ಶೀಷೆಯನ್ನು ಗೋಣಿಯಲ್ಲಿ ಸುತ್ತಿ ಬಾವಲಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಳ್ಳಿ, ದಿನವಿಡೀ ಆ ರಸ್ತೆಯ ಕುಲುಕಾಟ ತಿನ್ನಿಸಿ ಸಂಜೆ ಇಳಿಸಿಕೊಳ್ಳುವುದು.

"ಕಂಪೌಂಡರೇ, ಇವಕ್ಕೆ ಟಿಕೆಟ್ ಯಾರು ತಗೋತಾರೆ?" ಎಂದು ಕಂಡಕ್ಟರು ಕೇಳುತ್ತಿದ್ದ.

"ಕಂಕುಳ ಕೂಸಿಗೆಲ್ಲಾ ಟಿಕೆಟ್ ಉಂಟೇನಯ್ಯಾ?"

"ನಾಲ್ಕು ನಾಲ್ಕು ಕೂಸು. ಅಪ್ಪ ಮಾತ್ರ ಇಲ್ಲೇ ನಿಂತ್ಕೊಂಡು ಕಳಿಸ್ತಾನೆ."

ಎಲ್ಲವನ್ನೂ ಆಸ್ಪತ್ರೆಯಿಂದ ತಂದಿದ್ದ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಯಾವ ದಿನ, ಯಾವ ಬಾವಿಯ ನೀರು, ಪೊಟ್ಯಾಷ್ ಎಷ್ಟು, ಹೊರಗೆ ಮಳೆಯೋ ಬಿಸಿಲೋ, ಎಷ್ಟು ನಿಮಿಷ ತಿರುವಿದ್ದು, ಎಷ್ಟನೆಯ ದಿನ ನೀರು ಬಿಟ್ಟಿತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸು, ಎರಡು ಬದಲಿಸಿದರೆ ಯಾವುದು ತಪ್ಪು ಅಂತ ದೇವರಿಗೂ ಗೊತ್ತಾಗಲ್ಲ ಎಂದು ನನಗೆ ಬೋಧಿಸುತ್ತಿದ್ದರು. ಬಾವಿಯ ನೀರು ಬಿಟ್ಟು ಮಳೆಯ ನೀರು ಹಿಡಿದರು. ಮಳೆಗಾಲದಲ್ಲಿ ಪೊಟ್ಯಾಷ್ ಗಾಳಿಯ ತೇವ ಕುಡಿದು ಸತ್ತಿದೆ ಎಂದು ಹೊಸ ಡಬ್ಬಿ ತರಿಸಿದರು. ಕೆಲವು ಶೀಷೆ ನಿಂತವು, ಕೆಲವು ನೀರು ಬಿಟ್ಟವು. ಕಾರಣ ಸಿಗಲಿಲ್ಲ.

ತಿರುವಲು ಒಬ್ಬಳು ಬರುತ್ತಿದ್ದಳು. ಕಾಡಂಚಿನ ಅಡಿಯ ಬುಡಕಟ್ಟಿನ ಹಾಡಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಜನ್ಮಿಯ, ಅಂದರೆ ಅಲ್ಲಿನ ಜಮೀನ್ದಾರನ, ಗದ್ದೆಯಲ್ಲಿ ಅವಳ ಮನೆಯವರದು ತಲೆತಲಾಂತರದ ದುಡಿಮೆ. ಗದ್ದೆಯ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಇಲ್ಲಿಗೆ ಬಂದು ಎನಾಮಲ್ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಅವಳು ಬಾರದ ದಿನ ಕಂಪೌಂಡರೇ ತಿರುವುತ್ತಿದ್ದರು. ಮೊದಮೊದಲು ಅವರನ್ನು ಜನ್ಮಿಯನ್ನು ಕರೆಯುವ ಹಾಗೆ ತಂಬ್ರಾ ಎಂದಳಂತೆ. ನಾನು ಯಾರ ತಂಬ್ರಾನೂ ಅಲ್ಲ ಎಂದು ಅವರು ಗದರಿದ ಮೇಲೆ 'ಕಂಬೋಂಡರು' ಆಯಿತು. ಅವರು ಗೋಡೆಗೆ ಗಡಿಯಾರ ನೇತುಹಾಕಿ ಇಪ್ಪತ್ತು ನಿಮಿಷ ಎಂದು ನಿಯಮ ಮಾಡಿದ್ದರು. ಇಪ್ಪತ್ತಾದೊಡನೆ ಸಾಕು ಎನ್ನುತ್ತಿದ್ದರು. ಅವಳು ನಿಲ್ಲಿಸುತ್ತಿರಲಿಲ್ಲ.

ಹಲಗೆಯ ಈಚೆಯಿಂದ ನಾನು ಎಷ್ಟೋ ಸಲ ಕೇಳಿದ್ದೇನೆ. "ಸಾಕು ಅಂದ್ರೆ ನಿಂಗೆ ಸಾಕು. ಪಾತ್ರೆಗೆ ಸಾಕಾಗಿಲ್ಲ. ಒಳಗೆ ಇನ್ನೂ ಬಿಸಿ ಕೂತದೆ." ಅಂಗೈಯ ಹಿಂಬದಿಯನ್ನು ಪಾತ್ರೆಯ ತಳಕ್ಕೆ ಒತ್ತಿ ನೋಡುತ್ತಿದ್ದಳಂತೆ. ಅದು ತಣ್ಣಗಾಗುವವರೆಗೆ ನಿಧಾನವಾಗಿ ತಿರುವುತ್ತಲೇ ಇರುತ್ತಿದ್ದಳು, ನಡುನಡುವೆ ಪಾತ್ರೆಯನ್ನು ಬೈಯುತ್ತ. ಗದ್ದೆಗೆ ವಾಪಸು ಹೋಗದಿರಲು ಹೊತ್ತು ಕಳೆಯುತ್ತಾಳೆ ಎಂದು ಕಂಪೌಂಡರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ರಿಜಿಸ್ಟರಿನಲ್ಲಿ ಇಪ್ಪತ್ತು ನಿಮಿಷ ಎಂದೇ ಬೀಳುತ್ತಿತ್ತು.

ಆ ವರ್ಷ ಎಲ್ಲವೂ ಕೆಟ್ಟಿತು. ಕೂಲಿಯ ಭತ್ತದ ಅಳತೆ ಹೆಚ್ಚಿಸಬೇಕೆಂದು ಗದ್ದೆಗಳಲ್ಲಿ ಕೆಲಸ ನಿಂತಿತು. ಕಾಡಿನೊಳಗೆ ನಕ್ಸಲರು ಇದ್ದಾರೆ ಎಂಬ ಸುದ್ದಿಗೆ ಪೊಲೀಸರ ಲಾರಿಗಳು ಬಂದವು. ಹಾಡಿಯ ಬಾಯಲ್ಲೇ ಒಂದು ಕ್ಯಾಂಪು ಹೂಡಿ, ಯಾರು ಹೊರಗೆ ಹೋಗುತ್ತಾರೆ, ಯಾರ ಮನೆಗೆ ಎಂದು ಪಟ್ಟಿ ಮಾಡತೊಡಗಿದರು. ಎಲ್ಲೋ ಒಂದು ಚೀಟಿಯಲ್ಲಿ ಹೆಸರು ಸಿಕ್ಕಿತು ಎಂದು ಜನರನ್ನು ಎತ್ತಿಕೊಂಡು ಹೋಗುತ್ತಿದ್ದರು. ಕೆಲವರು ಕುಂಟುತ್ತ ವಾಪಸು ಬಂದರು. ಅವಳ ಭಾವಮೈದ ಒಬ್ಬ ಕಾಡು ಸೇರಿದ್ದಾನೆ ಎಂಬ ಗುಸುಗುಸು ಇತ್ತು. ಅವಳು ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಅದೂ ತಪ್ಪಿತು. ಕಂಪೌಂಡರು ತಾವೇ ಗಡಿಯಾರ ನೋಡಿಕೊಂಡು ತಿರುವಿದರು.

ಆ ಶೀಷೆಗಳೆಲ್ಲ ನೀರು ಬಿಟ್ಟವು.

ಇಲ್ಲಿಂದ ಮುಂದೆ ನನ್ನ ನೆನಪನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ನನ್ನ ನೆನಪಿನಲ್ಲಿ ಅದನ್ನು ಕಂಡುಹಿಡಿದವನು ನಾನು. ಒಂದು ಭಾನುವಾರ ಶೀಷೆಗಳನ್ನು ಎರಡು ಸಾಲಾಗಿ ಜೋಡಿಸಿದಾಗ, ನಿಂತವೆಲ್ಲ ಹಲಗೆಯ ಆಚೆಯಿಂದ ಬೈಗುಳ ಕೇಳಿಸಿದ ದಿನಗಳವು ಎಂದು ನಾನು ಹೇಳಿದೆ. ಆದರೆ ಅವರೇ ಮೊದಲು ಹೇಳಿ, ನಾನು ಹೌದೆಂದಿರಲೂ ಸಾಕು. ರಿಜಿಸ್ಟರಿನಲ್ಲಿ ಮಳೆಗೆ ಒಂದು ಕಾಲಂ ಇತ್ತು, ಬಾವಿಗೆ ಒಂದು ಕಾಲಂ ಇತ್ತು. ತಿರುವಿದ್ದು ಯಾರು ಎನ್ನುವುದಕ್ಕೆ ಇರಲಿಲ್ಲ. ಅವರು ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದರು. ಆಮೇಲೆ, ನಾಲ್ಕು ವರ್ಷ ನಾನು ನೀರನ್ನ ಬೈದೆನಲ್ಲಪ್ಪಾ ಎಂದರು.

ಆದರೂ ಪರೀಕ್ಷೆ ಆಗಬೇಕಲ್ಲ. ಸಂತೆಯ ದಿನ ಹಾಡಿಯಿಂದ ಬಂದವರೊಬ್ಬರ ಕೈಲಿ ಹೇಳಿಕಳಿಸಿದರು. ಅವಳು ಮೂರು ಮಧ್ಯಾಹ್ನ ಬಂದಳು, ಕ್ಯಾಂಪಿನವರಿಗೆ ಸೌದೆಗೆ ಎಂದು ಹೇಳಿ. ಒಂದೇ ನೀರು, ಒಂದೇ ಪೊಟ್ಯಾಷ್. ಒಂದು ಪಾತ್ರೆ ಅವಳದು, ಒಂದು ಅವರದು ಗಡಿಯಾರದ ಪ್ರಕಾರ, ಮೂರನೆಯದು ಅವರದೇ ಆದರೆ ಅವಳು ಹೇಳಿದ ಹಾಗೆ, ಕೈಗೆ ತಣ್ಣಗಾಗುವವರೆಗೆ. ಅವರ ಕೈಯನ್ನು ಹಿಡಿದು ಪಾತ್ರೆಯ ತಳಕ್ಕೆ ಒತ್ತಿ, "ಇಷ್ಟು ವೇಗ ಬೇಡ. ನಿಂಗೇನು ಬಸ್ ತಪ್ತದಾ?" ಎಂದಳು. ನಾನು ಬಾಗಿಲಲ್ಲಿ ನಿಂತು ರಸ್ತೆ ಕಾಯುತ್ತಿದ್ದೆ.

ಹದಿನೈದು ದಿನ ಬಿಸಿಲು, ಗಡಿಗೆ, ಬಸ್ಸು. ಗಡಿಯಾರದ ಪಾತ್ರೆಯದು ನೀರು ಬಿಟ್ಟಿತು. ಉಳಿದ ಎರಡೂ ಹಾಗೆಯೇ ನಿಂತವು. ಬಿಸಿ ಇರುವಾಗಲೇ ಬಿಟ್ಟರೆ ಒಳಗಿನ ಮೇಣ ದಪ್ಪ ದಪ್ಪ ಹರಳು ಕಟ್ಟುತ್ತದೆ, ಹಿಡಿದುಕೊಳ್ಳಲಾರದೆ ನೀರನ್ನು ಹೊರಗೆ ಹಾಕುತ್ತದೆ ಎಂದು ಅವರು ಆಮೇಲೆ ವಿವರಿಸಿದರು. ಚಳಿಯ ದಿನ ಇಪ್ಪತ್ತು ನಿಮಿಷ ಸಾಕಾದೀತು, ಸೆಕೆಯ ದಿನ ನಲವತ್ತೂ ಸಾಲದು. ಗಡಿಯಾರಕ್ಕೆ ಅದು ತಿಳಿಯದು.

ಶೀಷೆಗಳನ್ನು ತೆರೆದು ನೋಡಿದ ದಿನವೂ ಅವಳು ಬಂದಿದ್ದಳು. ಕಂಪೌಂಡರು ರಿಜಿಸ್ಟರ್ ತೆಗೆದು ಹೊಸ ಗೆರೆ ಎಳೆದರು. ಅವಳ ಹೆಸರು ಬರೆಯಿರಿ ಎಂದೆ. ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದರ ಜತೆಗೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಇವರ ಕೈಯ ಕೆಲಸವನ್ನು ಎಲ್ಲರೂ ತಿಂದಿದ್ದಾರೆ, ಹೆಸರನ್ನು ಯಾರೂ ಬರೆದಿಲ್ಲ, ಯಾರು ಎಂದು ಬರೆಯದ ಪ್ರಯೋಗ ಅರ್ಧ ಸುಳ್ಳು ಎಂದೆಲ್ಲ. ಆ ದಿನಗಳಲ್ಲಿ ಡಿಪೋದ ಹಿಂದೆ ಕೂತು ಇಂಥ ಮಾತುಗಳನ್ನು ನಾವು ಬಹಳ ಆಡುತ್ತಿದ್ದೆವು.

ಅವರು ಪೆನ್ನು ಕೆಳಗಿಟ್ಟರು. "ಬರೆದ್ರೆ ಅದು ಪುಸ್ತಕದಲ್ಲಿ ಇರ್ತದೆ. ಪುಸ್ತಕ ನನ್ನ ಕೈಲೇ ಇರ್ತದೆ ಅಂತ ನಿಂಗೆ ಯಾರಪ್ಪಾ ಹೇಳಿದ್ದು?"

ಹೆಸರಿನ ಬದಲು ಒಂದು ಗುರುತು ಹಾಕುತ್ತೇನೆ, ಚುಕ್ಕೆಯೋ ಸೊನ್ನೆಯೋ ಎಂದರು. ನಾನು ಒಪ್ಪಲಿಲ್ಲ. ಆಗ ಅವಳು, ಅಲ್ಲಿಯವರೆಗೆ ಶೀಷೆಯ ಮುಚ್ಚಳಗಳನ್ನು ಒರೆಸುತ್ತ ಕೂತಿದ್ದವಳು, ತಲೆ ಎತ್ತಿದಳು.

"ಬರಿಯೋದಾದ್ರೆ ಪೂರ್ತಿ ಬರಿ ಕಂಬೋಂಡರೇ. ಕಣದಲ್ಲಿ ನಿಂತ್ಕೊಂಡು ಜನ್ಮಿಯೋರು ಕರಿಯೋದು ಅರ್ಧ ಹೆಸ್ರು. ನಾಯಿ ಕರ್ದಂಗೆ."

"ಪೊಲೀಸ್ ನೋಡಿದ್ರೆ?" ಎಂದರು ಕಂಪೌಂಡರು.

"ಪಿನ್ನೆ, ಮತ್ತಿನ್ನೇನು? ಬರೀದಿದ್ರೆ ಅವ್ರು ನನ್ನ ಬಿಟ್ಬಿಡ್ತಾರಾ?"

ಅವಳು ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದಳು, ಮನೆತನದ್ದು ಸೇರಿಸಿ. ಕಂಪೌಂಡರು ಕಿವುಡರ ಹಾಗೆ ಕೂತಿದ್ದರಿಂದ ಇನ್ನೊಂದು ಸಲ ಹೇಳಿದಳು. ಅವರು ಪೆನ್ನು ಮತ್ತೆ ಕೈಗೆತ್ತಿಕೊಂಡದ್ದನ್ನು ನೋಡಿದೆ. ಅಷ್ಟರಲ್ಲಿ ಡಿಪೋಗೆ ಲೋಡು ಬಂದಿದೆ ಎಂದು ಕರೆ ಬಂತು. ಹೋದೆ. ನಾನು ಗೆದ್ದೆ ಎಂದುಕೊಂಡೇ ಹೋದೆ.

ಎರಡೋ ಮೂರೋ ದಿನದ ಮೇಲೆ ಪೊಲೀಸರು ಲೈನನ್ನು ಶೋಧಿಸಿದರು. ಅವರಿಗೆ ಸಿಕ್ಕಿದ್ದು ಕಾಸ್ಟಿಕ್ ಪೊಟ್ಯಾಷ್ ಡಬ್ಬಿ. ಮುಟ್ಟಿ ನೋಡಿದ ಪೇದೆ ಬೆರಳು ಸುಟ್ಟುಕೊಂಡದ್ದೇ ಸಾಕಾಯಿತು, ಇದು ಬಾಂಬಿನ ಮದ್ದು ಎಂದು ತೀರ್ಮಾನವಾಯಿತು. ಮುಖಕ್ಕೆ ಹಚ್ಚುವ ಸ್ನೋ ಸಾರ್ ಎಂದು ಕಂಪೌಂಡರು ಒಂದು ಶೀಷೆ ತೆರೆದು ತಮ್ಮ ಕೆನ್ನೆಗೇ ಹಚ್ಚಿಕೊಂಡು ತೋರಿಸಿದರು. ಪೊಲೀಸರು ನಕ್ಕರು. ಅರ್ಧ ಬಿಳಿಯ ಮುಖದಲ್ಲೇ ಅವರನ್ನು ಜೀಪು ಹತ್ತಿಸಿದರು. ಡಬ್ಬಿ ಹೋಯಿತು, ರಿಜಿಸ್ಟರೂ ಹೋಯಿತು. ನಾನು ಹಲಗೆಯ ಈಚೆ ನಿಂತಿದ್ದೆ. ಹೊರಗೆ ಬಂದು ನಾಲ್ಕು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆ ವಾರವೇ ಹಾಡಿಯನ್ನು ಶೋಧಿಸಿದರು. ಹಲವರನ್ನು ಒಯ್ದರು. ಅವಳನ್ನು ಒಯ್ದರು ಎಂದು ಕೆಲವರು, ಇಲ್ಲ, ಹಿಂದಿನ ದಿನವೇ ಪೆರಿಕಲ್ಲೂರಿನ ಬಳಿ ಹೊಳೆ ದಾಟಿ ಆಚೆ ಮೈಸೂರು ಕಡೆಗೆ ಹೋದಳು ಎಂದು ಕೆಲವರು ಹೇಳಿದರು. ಅವಳು ಮತ್ತೆ ಕಾಟ್ಟಿಕುಳಕ್ಕೆ ಬರಲಿಲ್ಲ.

ಕಂಪೌಂಡರು ಎಂಟು ದಿನದ ಮೇಲೆ ಬಂದರು. ಒಂದು ಕಿವಿ ಮಂದವಾಗಿತ್ತು. ರಿಜಿಸ್ಟರ್ ಬರಲಿಲ್ಲ. ಸ್ನೋ ಮಾಡುವುದನ್ನು ಮುಂದುವರಿಸಿದರು, ಗಡಿಯಾರವನ್ನು ಗೋಡೆಯಿಂದ ಇಳಿಸಿದ್ದರು. ಶೀಷೆಗಳು ಈಗ ನೀರು ಬಿಡುತ್ತಿರಲಿಲ್ಲ, ಅಂಗಡಿಯವರು ಇನ್ನಷ್ಟು ಕೇಳುತ್ತಿದ್ದರು. ಅವರಿಗೆ ಅದರಿಂದ ಸಂತೋಷವಾದಂತೆ ಕಾಣಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ, ಆ ದಿನ ಬರೆದಿರಾ ಎಂದು. ಕೇಳಿಸದ ಕಿವಿಯ ಕಡೆಯಿಂದ ಕೇಳಿದೆನೋ ಏನೋ. ಅವರು ಪಾತ್ರೆಯ ತಳಕ್ಕೆ ಕೈಯ ಹಿಂಬದಿ ಒತ್ತಿ ನೋಡಿ, ಮತ್ತೆ ತಿರುವತೊಡಗಿದರು. ಇನ್ನೊಂದು ಸಲ, ಕೇಳಿಸುವ ಕಡೆಯಿಂದ ಕೇಳಬಹುದಿತ್ತು. ಮರುವರ್ಷ ನಾನು ಮೈಸೂರಿಗೆ ಬಂದೆ. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ, ಆ ಬಸ್ಸಿನ ಕಂಡಕ್ಟರನಿಂದಲೇ ತಿಳಿಯಿತು.

ಹೋದ ವರ್ಷ ಕಾಟ್ಟಿಕುಳಕ್ಕೆ ಹೋಗಿದ್ದೆ. ಲೈನು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಹಾಡಿಯ ಕಡೆಯ ಒಬ್ಬ ಮುದುಕಿ ಬಸ್ಸಿಗೆ ಕಾಯುತ್ತಿದ್ದಳು. ಅವಳ ಪಕ್ಕ ಕೂತು ವಿಚಾರಿಸಿದೆ. ನೀನು ಹುಡುಕುವವಳ ಹೆಸರೇನು ಎಂದು ಕೇಳಿದಳು. ಹೇಳಿದೆ. ಆ ಹೆಸರಿನವರು ನಮ್ಮಲ್ಲಿ ಮನೆಗೊಬ್ಬರು, ಯಾರ ಮನೆಯವಳು ಹೇಳು ಎಂದಳು. ನನಗೆ ಹೇಳಲಾಗಲಿಲ್ಲ. ಶೀಷೆಗಳನ್ನು ತೆರೆದ ಆ ಮಧ್ಯಾಹ್ನ ನನ್ನ ಎದುರಿಗೇ ಅವಳು ಎರಡು ಸಲ ಹೇಳಿದ್ದಳು. ನನ್ನಲ್ಲಿ ಉಳಿದಿರುವುದು ಕಣದಲ್ಲಿ ಕರೆಯುತ್ತಿದ್ದ ಅರ್ಧವೇ.

ಕಂಪೌಂಡರು ಅದನ್ನು ಪೂರ್ತಿಯಾಗಿ ಬರೆದರೇ, ಚುಕ್ಕೆ ಇಟ್ಟು ಬಿಟ್ಟರೇ, ಅವಳನ್ನು ಹುಡುಕಿ ಬಂದವರ ಕೈಯಲ್ಲಿ ಇದ್ದದ್ದು ಆ ರಿಜಿಸ್ಟರೇ, ಇನ್ನೊಂದು ಪಟ್ಟಿಯೇ... ನನಗೆ ಗೊತ್ತಿಲ್ಲ.